ಪದೇ ಪದೇ ಕೇಳುವ ಪ್ರಶ್ನೆಗಳು: ಬೈಯ್ಲಿಕ್ಕೆ ಮೊದಲು ಒಮ್ಮೆ ಓದಿ

ಒಂದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಟೈಪ್ ಮಾಡೋದು ಮಾರಾಯ್ರೇ, ಬೆರಳು ನೋಯ್ತದೆ. ಅದಕ್ಕೇ ಎಲ್ಲ ಒಂದು ಕಡೆ ಬರೆದು ಹಾಕ್ತಾ ಇದ್ದೇನೆ. ಗೊತ್ತಿಲ್ಲದವರಿಗೆ: ನಾನು ಕಾಸರಗೋಡಿನ ಹುಡುಗಿ, ಕನ್ನಡದಲ್ಲಿ ರ‍್ಯಾಪ್ ಮಾಡ್ತೇನೆ, ನಡುವಲ್ಲಿ ತುಳು ಬರ್ತದೆ, ಮಲಯಾಳಂ ಬರ್ತದೆ, ತಡೀಲಿಕ್ಕೆ ಹೋಗೋದಿಲ್ಲ. ಹಾಡಿಗಿಂತ ಹಾಡಿನ ನಡುವೆ ನಾನು ಮಾತಾಡಿದ್ದಕ್ಕೇ ಹೆಚ್ಚು ಗಲಾಟೆ ಆದದ್ದು, ಹಾಗಾಗಿ ಇಲ್ಲಿರೋ ಪ್ರಶ್ನೆಗಳೂ ಜಾಸ್ತಿ ಅದರ ಮೇಲೆಯೇ.

ಕೇರಳದಲ್ಲಿದ್ದುಕೊಂಡು ಕನ್ನಡದಲ್ಲಿ ಯಾಕೆ? ಮಲಯಾಳಂನಲ್ಲಿ ಮಾಡಿದ್ರೆ ವ್ಯೂಸ್ ಬರ್ತಿತ್ತಲ್ಲ ಅಕ್ಕ?

ಬರ್ತಿತ್ತು. ಮಲಯಾಳಂ ರ‍್ಯಾಪಿಗೆ ಈಗ ಒಳ್ಳೆ ಕಾಲ, ಸುಳ್ಳು ಹೇಳ್ಲಿಕ್ಕಿಲ್ಲ. ಇಂಗ್ಲಿಷಲ್ಲಿ ಮಾಡು ಅಂತ ಹೇಳುವವರೂ ಇದ್ದಾರೆ, ಹನುಮಾನ್‌ಕೈಂಡ್ ಹೆಸರು ತೆಗೀತಾರೆ, ಮಲಪ್ಪುರದಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್ನಲ್ಲಿ ಬೆಳೆದವನು 2024ರಲ್ಲಿ ಜಾತ್ರೆಯಲ್ಲಿ ಬೈಕ್ ಓಡಿಸುವ ಮರಣಬಾವಿಯ ಒಳಗೆ ನಿಂತು ವಿಡಿಯೋ ಮಾಡಿ ಇಡೀ ಪ್ರಪಂಚ ಸುತ್ತಿದ, ನೀನ್ಯಾಕೆ ಮಾಡಬಾರದು ಅಂತ. ಅವನು ಬೆಳೆದ ಭಾಷೆಯಲ್ಲಿ ಅವನು ಹಾಡಿದ, ನಾನು ಬೆಳೆದದ್ದರಲ್ಲಿ ನಾನು ಹಾಡ್ತೇನೆ, ಅಷ್ಟೇ. ನಮ್ಮ ಮನೇಲಿ ಲೆಕ್ಕ ಹಾಕೋದು ಕನ್ನಡದಲ್ಲಿ, ಜಗಳ ತುಳುವಿನಲ್ಲಿ, ಬಸ್ಸು ಹತ್ತಿದ ಮೇಲೆ ಮಲಯಾಳಂ, ಪಕ್ಕದ ಮನೇಲಿ ಬ್ಯಾರಿ, ಅದರ ಆಚೆ ಮನೇಲಿ ಕೊಂಕಣಿ. ಸಪ್ತಭಾಷಾ ಸಂಗಮ ಭೂಮಿ ಅಂತ ಸ್ಟೇಜಿನ ಮೇಲೆ ಭಾಷಣ ಮಾಡುವವರು ಅದೇ ಸಪ್ತಭಾಷೆ ಒಂದು ಹಾಡಲ್ಲಿ ಒಟ್ಟಿಗೆ ಬಂದ್ರೆ ಕಲಬೆರಕೆ ಅಂತಾರೆ, ಇದು ನಂಗೆ ಅರ್ಥ ಆಗದ ವಿಷಯ.

ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕಾ ಬೇಡ್ವಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗೋದಿಲ್ಲ. ಈ ಪ್ರಶ್ನೆ ಬೆಂಗಳೂರಿಂದ ಬರ್ತದೆ, ಅದೂ ನವೆಂಬರ್ ಮೊದಲ ವಾರದಲ್ಲಿ ಮಾತ್ರ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಹೋಯ್ತು, ಅದೇ ದಿನ ಆ ಕಡೆ ರಾಜ್ಯೋತ್ಸವ, ಈ ಕಡೆ ಕೇರಳಪ್ಪಿರವಿ, ಅಂದ್ರೆ ಕೇರಳ ಹುಟ್ಟಿದ ದಿನ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದ್ರು, 2015ರಲ್ಲಿ ತೀರಿ ಹೋಗುವ ವರೆಗೂ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಅಂತಲೇ ಕೇಳ್ತಾ ಇದ್ರು. ಗಡಿ ವಿವಾದ ನೋಡ್ಲಿಕ್ಕೆ ಮಾಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಆ ಕಡೆಗೆ ಕೊಡಿ ಅಂತ 1967ರಲ್ಲೇ ಬರೆದುಕೊಟ್ಟಿತು, ಫೈಲು ಅಲ್ಲೇ ಉಂಟು. ಹಿರಿಯರ ನೋವಿನ ಬಗ್ಗೆ ನಾನು ತಮಾಷೆ ಮಾಡೋದಿಲ್ಲ. ಆದ್ರೆ 2020ರ ಮಾರ್ಚಲ್ಲಿ ಕೊರೊನ ಬಂದಾಗ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ದು ಕರ್ನಾಟಕದ ಕಡೆಯಿಂದ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡ ನಮ್ಮವರು ತಲಪಾಡಿ ಗಡಿಯಲ್ಲಿ ಆಂಬುಲೆನ್ಸ್ ಒಳಗೆ ಕೂತಿದ್ರು, ಕೆಲವರು ಜೀವ ಬಿಟ್ರು, ಆಗ ಯಾರೂ "ಕಾಸರಗೋಡು ಕನ್ನಡನಾಡು" ಅಂತ ಸ್ಟೇಟಸ್ ಹಾಕಿದ್ದು ನಾನು ನೋಡಿಲ್ಲ. ಈ ಕಡೆಯ ಸರ್ಕಾರವೂ ಕಡಿಮೆ ಇಲ್ಲ, ಕನ್ನಡ ಮೀಡಿಯಂ ಕ್ಲಾಸಿಗೆ ಕನ್ನಡ ಬಾರದ ಮಾಸ್ಟ್ರನ್ನು ಕಳಿಸ್ತದೆ, ಮಕ್ಕಳು ಬೀದಿಗೆ ಕೂತು ಧರಣಿ ಮಾಡ್ಬೇಕು. ಎರಡು ಕಡೆಯವರನ್ನೂ ಹಾಡಲ್ಲಿ ಬೈದಿದ್ದೇನೆ, ಎರಡು ಕಡೆಯವರೂ ಅವರ ಪಾಲಿನದ್ದನ್ನು ಬಿಟ್ಟು ಇನ್ನೊಬ್ಬರಿಗೆ ಬೈದ ತುಂಡನ್ನು ಮಾತ್ರ ಕಟ್ ಮಾಡಿ ಶೇರ್ ಮಾಡಿದ್ರು.

ರ‍್ಯಾಪ್ ಅಮೆರಿಕದ್ದು, ನಮ್ಮ ಸಂಸ್ಕೃತಿ ಅಲ್ಲ ಅಲ್ವಾ?

ಹೌದು ಅಮೆರಿಕದ್ದು. ನಮ್ಮ ಪುರಾಣದಲ್ಲೇ ರ‍್ಯಾಪ್ ಇತ್ತು ಅಂತ ಹೇಳುವ ಜಾತಿ ನಾನಲ್ಲ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಒಂದು ಫ್ಲಾಟಿನ ಕೆಳಗಿನ ಹಾಲಲ್ಲಿ ಪಾರ್ಟಿ, ರೆಕಾರ್ಡ್ ಹಾಕಿದ್ದು ಜಮೈಕದಿಂದ ಬಂದ ಕೂಲ್ ಹರ್ಕ್ ಅನ್ನುವ ಹುಡುಗ, ಆದ್ರೆ ಪಾರ್ಟಿ ಇಟ್ಟದ್ದು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್, ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ತೆಗೀಲಿಕ್ಕೆ ದುಡ್ಡು ಬೇಕಿತ್ತು ಅವಳಿಗೆ. ಹುಡುಗಿಯರಿಗೆ 25 ಸೆಂಟ್ ಟಿಕೆಟ್, ಹುಡುಗರಿಗೆ 50. "ಹುಡುಗಿಯರಿಗೆ ಹೇಳಿದ್ದಲ್ಲ ಈ ರ‍್ಯಾಪು" ಅಂತ ಹೇಳುವ ಅಣ್ಣಂದಿರು ಇದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ. 1979ರಲ್ಲಿ ರ‍್ಯಾಪನ್ನು ಮೊದಲ ಸಲ ದೊಡ್ಡ ಮಟ್ಟದಲ್ಲಿ ರೇಡಿಯೋಗೆ ತಂದ ರೆಕಾರ್ಡಿನ ಹಿಂದೆ ಇದ್ದ ನಿರ್ಮಾಪಕಿ ಸಿಲ್ವಿಯಾ ರಾಬಿನ್ಸನ್, ಅವಳೂ ಹೆಂಗಸೇ.

ಮತ್ತೆ, ಹಾರ್ಮೋನಿಯಂ ಎಲ್ಲಿಂದ ಬಂತು? ಭಜನೆಗೆ ಕೂತಾಗ ಯಾರಾದ್ರೂ ಅದನ್ನು ಹೊರಗೆ ಇಟ್ಟು ಬಾ ಅಂದದ್ದುಂಟಾ?

ರ‍್ಯಾಪ್ ಬ್ಯಾಟಲನ್ನು (ಇಬ್ಬರು ಎದುರು ನಿಂತು ಪ್ರಾಸದಲ್ಲೇ ಒಬ್ಬರಿಗೊಬ್ಬರು ಏಟು ಕೊಡೋದು) ತಾಳಮದ್ದಳೆಯ ಪಕ್ಕ ಇಟ್ಟು ಮಾತಾಡಿದ್ದೀರಿ. ಅದು ಕಲಾವಿದರಿಗೆ ಅವಮಾನ ಅಲ್ವಾ?

ಅತಿ ಹೆಚ್ಚು ಬೈಗುಳ ತಂದ ಮಾತು ಇದೇ, ಹಾಗಾಗಿ ಉದ್ದ ಬರೀತೇನೆ, ಬೋರ್ ಆದ್ರೆ ಕೆಳಗಿನದ್ದಕ್ಕೆ ಹೋಗಿ.

ಅವಮಾನ ಮಾಡ್ಲಿಕ್ಕೆ ಹೇಳಿದ್ದಲ್ಲ, ಆ ಕಲೆ ಮೇಲಿನ ಪ್ರೀತಿಯಿಂದ ಹೇಳಿದ್ದು. ತಾಳಮದ್ದಳೆ ಅಂದ್ರೆ ಕೂತಲ್ಲೇ ಮಾತಲ್ಲಿ ಆಡುವ ಯಕ್ಷಗಾನ, ಆ ಮಾತಿಗೆ ಅರ್ಥ ಅಂತಾರೆ, ಹೇಳುವವನು ಅರ್ಥಧಾರಿ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ರು ನಮ್ಮ ಜಿಲ್ಲೆಯವರು, 2006ರಲ್ಲಿ ಹೋದ್ರು, ಈಗಲೂ ಅವರ ಅರ್ಥ ಫೋನಲ್ಲಿ ಕೇಳ್ತಾ ತೋಟಕ್ಕೆ ನೀರು ಬಿಡುವವರು ನಮ್ಮ ಊರಲ್ಲಿದ್ದಾರೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳಿದ ಮೇಲೆ ಮುಂದಿನದ್ದೆಲ್ಲ ಬಾಯಿಗೆ ಬಂದ ಹಾಗೆ, ಸ್ಕ್ರಿಪ್ಟ್ ಇಲ್ಲ, ಎದುರು ಕೂತವನು ಎಲ್ಲಿ ಎಳೀತಾನೆ ಅಂತ ಗೊತ್ತಿಲ್ಲ. ಇದರಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನೇ ನಿಲ್ಲಿಸಿ ಕೇಳ್ತಾನೆ, ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನ್ನ ಧರ್ಮ ಯಾವುದು ಅಂತ. ಒಳ್ಳೆ ಅರ್ಥಧಾರಿ ಆದ್ರೆ ಗಂಟೆಗಟ್ಟಲೆ ಕೇಳ್ತಾನೆ, ದೇವರು ಉತ್ತರ ಕೊಡ್ಲಿಕ್ಕೆ ಬೆವರಬೇಕು. ಅದೂ ಎಲ್ಲಿ? ದೇವಸ್ಥಾನದ ಅಂಗಳದಲ್ಲಿ, ಎದುರಿಗೆ ಭಕ್ತರೇ ಕೂತಿರೋದು. ಯಾರಿಗೂ ಬೇಜಾರಾಗೋದಿಲ್ಲ, ಚಪ್ಪಾಳೆ ಬೀಳ್ತದೆ, ಮರುದಿನ ಪೇಪರಲ್ಲಿ "ವಾಲಿ ಗೆದ್ದ" ಅಂತ ಬರೀತಾರೆ.

ನನ್ನ ಪ್ರಶ್ನೆ ಇಷ್ಟೇ. ದೇವರನ್ನೇ ಪ್ರಶ್ನೆ ಮಾಡಿದ್ದನ್ನು ಕೂತು ಸವಿಯುವ ಊರು, ಒಬ್ಬಳು ಹುಡುಗಿ ಪ್ಯಾಂಟ್ ಹಾಕಿ ಮೈಕ್ ಹಿಡಿದು ಪಂಚಾಯತ್ ರಸ್ತೆ ಯಾಕೆ ಹೀಗುಂಟು ಅಂತ ಕೇಳಿದ್ರೆ ಸಂಸ್ಕೃತಿ ಹಾಳಾಯ್ತು ಅಂತ ಯಾಕೆ ಹೇಳ್ತದೆ? ಮಾತು ಖಾರ ಆದದ್ದು ಸಮಸ್ಯೆ ಅಲ್ಲ ಇವರಿಗೆ, ಖಾರ ಇವರು ಚೆನ್ನಾಗಿ ತಿಂತಾರೆ. ಯಾರು ಹೇಳ್ಬಹುದು, ಯಾವತ್ತು ಹೇಳ್ಬಹುದು, ಯಾರ ಹೆಸರಲ್ಲಿ ಹೇಳ್ಬಹುದು ಅಂತ ಒಂದು ಲಿಸ್ಟ್ ಉಂಟು ಮಂಡೆಯಲ್ಲಿ. ಆ ಲಿಸ್ಟಲ್ಲಿ ನಾನಿಲ್ಲ.

(ಮಹಿಳಾ ತಾಳಮದ್ದಳೆ ತಂಡಗಳು ಉಂಟು, ಚೆನ್ನಾಗಿ ಮಾಡ್ತಾರೆ, ಹೋಗಿ ಕೇಳಿ. ಅವರ ಹತ್ರ ಒಮ್ಮೆ ಮಾತಾಡಿ ನೋಡಿ, ಶುರುವಿಗೆ ಅವರಿಗೂ ಯಾರ‍್ಯಾರು ಎಂತ ಹೇಳಿದ್ರು ಅಂತ.)

ನೀವು ಯಾವ ಕಡೆಯವರು? ತರವಾಡು (ಮೂಲ ಮನೆತನ) ಯಾವುದು?

ಜಾತಿ ಕೇಳ್ಲಿಕ್ಕೆ ಎಷ್ಟು ಮರ್ಯಾದೆಯ ದಾರಿ ಉಂಟು ನಮ್ಮಲ್ಲಿ. ಹೇಳೋದಿಲ್ಲ.

ಈಗಿನ ಕಾಲದಲ್ಲಿ ಜಾತಿ ಎಲ್ಲಿ ಉಂಟು? ಪೊಕ್ಕಡೆ (ಸುಮ್ಮನೆ) ಅದನ್ನೇ ಯಾಕೆ ಕೆದಕೋದು?

ಮೇಲಿನ ಪ್ರಶ್ನೆ ಕಳಿಸಿದವರೇ ಇದನ್ನೂ ಕಳಿಸಿದ್ದು, ಒಂದೇ ಅಕೌಂಟ್, ನಂಗೆ ನಗು ತಡೀಲಿಕ್ಕೆ ಆಗ್ಲಿಲ್ಲ.

ಸರಿ, ಕೇಳಿ. ಚಂದ್ರಗಿರಿ ದಾಟಿ ಆಚೆ ಹೋದ್ರೆ ಪೊಟ್ಟನ್ ತೆಯ್ಯಂ ಉಂಟು, ನಮ್ಮ ಭೂತಕೋಲದ ಹಾಗೆ ಮನುಷ್ಯನ ಮೈಮೇಲೆ ದೈವ ಬರುವ ಆಚರಣೆ. ಶಂಕರಾಚಾರ್ಯರ ಎದುರು ದಾರಿಯಲ್ಲಿ ಚಂಡಾಲನ ರೂಪದಲ್ಲಿ ಶಿವ ನಿಂತ ಕಥೆ. ದಾರಿ ಬಿಡು ಅಂದ್ರೆ ಅವನು ತಿರುಗಿ ಕೇಳ್ತಾನೆ, ನಿನ್ನನ್ನು ಕಡಿದ್ರೂ ಬರೋದು ರಕ್ತ, ನನ್ನನ್ನು ಕಡಿದ್ರೂ ಬರೋದು ರಕ್ತ, ಮತ್ತೆ ಯಾವ ಲೆಕ್ಕದಲ್ಲಿ ನಾನು ಸರೀಬೇಕು? ಆ ತೆಯ್ಯಂ ಕಟ್ಟುವವರು ದಲಿತ ಸಮುದಾಯದವರು. ಕೆಂಡದ ರಾಶಿಯ ಮೇಲೆ ಹೋಗಿ ಮಲಗ್ತಾರೆ, ಊರಿನ ದೊಡ್ಡವರೆಲ್ಲ ಕೈಮುಗಿದು ನಿಂತು ಆ ಬೈಗುಳ ಕೇಳ್ತಾರೆ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅದೇ ಮಾತು ಚಹಾ ಅಂಗಡಿಯಲ್ಲಿ ಹೇಳಿದ್ರೆ ಎಷ್ಟು ಜನ ಕೈಮುಗೀತಾರೆ ಹೇಳಿ.

ನಮ್ಮ ಉತ್ತರದ ಭಾಗದಲ್ಲಿ ಕೊರಗರಿದ್ದಾರೆ, ಆದಿವಾಸಿ ಸಮುದಾಯ. ಅವರ ಡೋಲು ಬೇಕು ಎಲ್ಲರಿಗೂ, ಅದರ ಬೀಟ್ ಕೇಳಿದ್ರೆ ಯಾವ ಪ್ರೊಡ್ಯೂಸರಿಗೂ ಹುಚ್ಚು ಹಿಡೀಬೇಕು. ಆದ್ರೆ ಅಜಲು ಅಂತ ಒಂದು ಪದ್ಧತಿ ಇತ್ತು, ಉಗುರು ಕೂದಲು ಸೇರಿಸಿದ ಅನ್ನವನ್ನು ಅವರ ಕೈಲಿ ತಿನ್ನಿಸೋದು, ಕಂಬಳಕ್ಕೆ ಮೊದಲು ಕೋಣದ ಬದಲಿಗೆ ಅವರನ್ನು ಓಡಿಸೋದು. ಇದನ್ನು ನಿಲ್ಲಿಸ್ಲಿಕ್ಕೆ ಕರ್ನಾಟಕ ಕಾನೂನು ಮಾಡಿದ್ದು ಯಾವಾಗ ಗೊತ್ತುಂಟಾ, 2000ನೇ ಇಸವಿಯಲ್ಲಿ. ಕಂಪ್ಯೂಟರ್ ಬಂದಾಗಿತ್ತು, ಮೊಬೈಲ್ ಬಂದಾಗಿತ್ತು. ಅದರ ಮೇಲೂ ಹಬ್ಬಕ್ಕೆ ಮುಖಕ್ಕೆ ಮಸಿ ಬಳ್ಕೊಂಡು "ಕೊರಗ ವೇಷ" ಅಂತ ಕುಣಿದವರಿದ್ದಾರೆ, ಜನ ನಕ್ಕದ್ದೂ ಉಂಟು, ಆ ಸಮುದಾಯದ ಸಂಘಟನೆಗಳು ವರ್ಷಗಟ್ಟಲೆ ಹೋರಾಡಬೇಕಾಯ್ತು ಅದು ತಮಾಷೆ ಅಲ್ಲ ಅಂತ ತಿಳಿಸ್ಲಿಕ್ಕೆ. ಸಿನಿಮಾದಲ್ಲಿ ಈಗಲೂ ಬಡವಿ ಅಂತ ತೋರಿಸ್ಲಿಕ್ಕೆ ಬೆಳ್ಳಗಿನ ಹೀರೋಯಿನಿಗೆ ಕಪ್ಪು ಬಣ್ಣ ಹಚ್ಚುತ್ತಾರಲ್ಲ, ನಂಗೆ ಎರಡೂ ಒಂದೇ ಡಬ್ಬಿಯ ಬಣ್ಣ ಅಂತ ಕಾಣ್ತದೆ.

ಹಾಡಲ್ಲಿ ಬೈಗುಳ ಯಾಕೆ? ಮಕ್ಕಳೂ ಕೇಳ್ತಾರೆ.

ಜಾತಿ ಹಿಡಿದು ಬೈಯುವ ಮಾತು, ಅಮ್ಮ ಅಕ್ಕ ಅಂತ ಎಳೆದು ತರುವ ಮಾತು ನನ್ನ ಯಾವ ಹಾಡಲ್ಲೂ ಇಲ್ಲ, ಇನ್ನು ಬರೋದೂ ಇಲ್ಲ. ಉಳಿದದ್ದು ನಮ್ಮ ಊರಿನ ಬಸ್‌ಸ್ಟ್ಯಾಂಡಲ್ಲಿ ಮಕ್ಕಳು ದಿನಾ ಕೇಳುವ ಮಾತೇ.

ಸಿನಿಮಾ ಹಾಡು ಅಂದ್ರೆ ನಿಮಗೆ ಅಷ್ಟು ಸಿಟ್ಟು ಯಾಕೆ?

ಎಲ್ಲದರ ಮೇಲೆ ಇಲ್ಲ. ನಂಗೆ ಆಗದ್ದು ಎರಡು ನಮೂನೆ. ಒಂದು, ಹುಡುಗಿ ಬೇಡ ಅಂದ ಮೇಲೂ ಹಿಂದೆ ಹಿಂದೆ ಹೋಗಿ, ಅವಳ ಬಸ್ಸಲ್ಲಿ, ಅವಳ ಕಾಲೇಜಿನ ಗೇಟಲ್ಲಿ, ಕೊನೆಗೆ ಅವಳು ನಕ್ಕದ್ದೇ ಪ್ರೀತಿ. ಇನ್ನೊಂದು ಕೈಕೊಟ್ಟ ಹುಡುಗಿಯ ಹಾಡು, ಬಾರಲ್ಲಿ ನಾಲ್ಕು ಗೆಳೆಯರು, ಇಡೀ ಹೆಣ್ಣುಕುಲಕ್ಕೇ ಶಾಪ. ನಮ್ಮ ಕಡೆ ಮದುವೆ ಮೆಹಂದಿಯಲ್ಲಿ ಡಿಜೆ ಹಾಕುವ ಹಾಡಲ್ಲಿ ಅರ್ಧ ಇದೇ, ಸಣ್ಣ ಸಣ್ಣ ಹುಡುಗಿಯರು ತಮಗೇ ಬೈಯುವ ಹಾಡಿಗೆ ಸ್ಟೆಪ್ ಹಾಕ್ತಾ ಇರ್ತಾರೆ, ಅಪ್ಪ ಅಮ್ಮ ವಿಡಿಯೋ ಮಾಡ್ತಾ ಇರ್ತಾರೆ. ಅದಕ್ಕೆ ಯಾರೂ ಅಶ್ಲೀಲ ಅನ್ನೋದಿಲ್ಲ. ನಾನು ಅದೇ ಮೆಹಂದಿಯಲ್ಲಿ ವರದಕ್ಷಿಣೆ ಬಗ್ಗೆ ಒಂದು ವರ್ಸ್ ಹೇಳಿದ್ರೆ ಮೈಕ್ ಆಫ್.

ಹಾಡಿನದ್ದು ಬಿಡಿ, ಆ ಇಂಡಸ್ಟ್ರಿ ಒಳಗೇ ನೋಡಿ. 2017ರಲ್ಲಿ ಒಬ್ಬ ನಟಿಯ ಮೇಲೆ ಹಲ್ಲೆ ಆದ ಮೇಲೆ ಮಲಯಾಳಂ ಸಿನಿಮಾದಲ್ಲಿ ಹೆಂಗಸರ ಪಾಡು ನೋಡ್ಲಿಕ್ಕೆ ಕೇರಳ ಸರ್ಕಾರ ಹೇಮಾ ಸಮಿತಿ ಮಾಡ್ತು, 2019ರ ಡಿಸೆಂಬರಲ್ಲಿ ವರದಿ ಕೊಟ್ರು, ಜನರ ಕೈಗೆ ಬಂದದ್ದು 2024ರ ಆಗಸ್ಟಲ್ಲಿ, ಅದೂ ಕೆಲವು ಪುಟ ತೆಗೆದು. ಐದು ವರ್ಷ ಹತ್ತಿರ ಆ ಕಾಗದ ಬೀರುವಲ್ಲಿ ಕೂತಿತ್ತು. ಅದು ಹೊರಗೆ ಬಂದ ಮೇಲೆ ಕನ್ನಡದಲ್ಲೂ ಅಂಥ ಸಮಿತಿ ಬೇಕು ಅಂತ ಸಿನಿಮಾದವರೇ ಕೆಲವರು ಮುಖ್ಯಮಂತ್ರಿಗೆ ಮನವಿ ಕೊಟ್ರು. ಅವರಿಗೆ ಬಿದ್ದ ಕಮೆಂಟ್ ಓದಿದ್ದೀರಾ? ಓದಿ, ಮತ್ತೆ ನನ್ನ ಹತ್ರ ಬಂದು ಸಿಟ್ಟು ಯಾಕೆ ಅಂತ ಕೇಳಿ.

ಸಿನಿಮಾದಲ್ಲಿ ಹಾಡುವ ಚಾನ್ಸ್ ಸಿಕ್ಕಿದ್ರೆ ನೀವೂ ಹೋಗ್ತೀರಲ್ಲ?

ಹೋಗ್ತೇನೆ. ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾರಾ? ಮೇಲೆ ಹೇಳಿದ ಎರಡು ನಮೂನೆ ಹಾಡು ಬಿಟ್ಟು ಉಳಿದದ್ದಕ್ಕೆ ರೆಡಿ.

ಕಾಸರಗೋಡಿನ ಸರ್ಕಾರಿ ಶಾಲೆಯ ಸಿನಿಮಾ ಬಂತಲ್ಲ, ನಿಮಗೆ ಖುಷಿ ಆಗ್ಲಿಲ್ವಾ?

ಆಯ್ತು. "ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು" 2018ರಲ್ಲಿ ಬಂದಾಗ ನಾವೆಲ್ಲ ಮಂಗಳೂರಿಗೆ ಹೋಗಿ ನೋಡಿ ಕೂಗಾಡಿ ಬಂದದ್ದು, ಅದಕ್ಕೆ ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿಯೂ ಸಿಕ್ತು. ನನ್ನ ಕಿರಿಕಿರಿ ಸಿನಿಮಾದ ಮೇಲಲ್ಲ, ಅದರ ನಂತರ ಸಿಗುವ ಜನರ ಮೇಲೆ. ಕಾಸರಗೋಡು ಅಂದ ಕೂಡ್ಲೇ "ಓ ಆ ಸಿನಿಮಾ" ಅಂತಾರೆ, ಒಂದು ಡೈಲಾಗ್ ಹೇಳಿ ತೋರಿಸ್ತಾರೆ, ಶಾಲೆಯ ಗತಿ ಈಗ ಎಂತ ಅಂತ ಕೇಳೋದಿಲ್ಲ. ಮತ್ತೆ ನಮ್ಮ ಮಾತಿನ ಧಾಟಿ. ಬೆಂಗಳೂರಿನ ಕಥೆಯಲ್ಲಿ ನಮ್ಮ ಕಡೆಯ ಕನ್ನಡ ಆಡುವವನು ಬಂದ ಅಂದ್ರೆ ಅವನು ಒಂದೋ ಹೋಟೆಲಿನ ಭಟ್ರು, ಇಲ್ಲಾಂದ್ರೆ ಕಾಮಿಡಿ ಪೀಸ್. ನಮ್ಮ ಧಾಟಿಯಲ್ಲಿ ಪ್ರೀತಿ ಮಾಡುವವರು, ಕೊಲೆ ತನಿಖೆ ಮಾಡುವವರು, ಸುಮ್ಮನೆ ಬೇಜಾರಲ್ಲಿ ಕೂತವರು ಇಲ್ವಾ? ನಾನು ಸೀರಿಯಸ್ ವರ್ಸ್ ಹೇಳಿದ್ರೂ ಅಲ್ಲಿಯವರು "ಸೋ ಕ್ಯೂಟ್ ಆಕ್ಸೆಂಟ್" ಅಂತ ಕಮೆಂಟ್ ಹಾಕ್ತಾರೆ. ಆ ಹಾಡು ಆತ್ಮಹತ್ಯೆ ಮಾಡಿದ ಅಡಿಕೆ ಬೆಳೆಗಾರನ ಬಗ್ಗೆ ಇತ್ತು.

ಅಮೆರಿಕದ ರ‍್ಯಾಪಲ್ಲೂ ಹೆಣ್ಣನ್ನು ಕೀಳಾಗಿ ಹಾಡ್ತಾರಲ್ಲ, ಅದಕ್ಕೆ ಎಂತ ಹೇಳ್ತೀರಿ?

ಹಾಡ್ತಾರೆ, ಕೊಳಕು ಕೊಳಕಾಗಿ ಹಾಡ್ತಾರೆ, ನಾನು ಅದಕ್ಕೆ ವಕಾಲತ್ತು ಹಾಕ್ಲಿಕ್ಕೆ ಬಂದದ್ದಲ್ಲ. ಆದ್ರೆ ಅದಕ್ಕೆ ಉತ್ತರ ಕೊಟ್ಟವರೂ ಅದೇ ಮನೆಯ ಹೆಣ್ಣುಮಕ್ಕಳೇ. ರಾಕ್ಸಾನ್ ಶಾಂಟೆ 1984ರಲ್ಲಿ ಹುಡುಗರ ಒಂದು ಹಾಡಿಗೆ ಉತ್ತರ ಹೇಳಿ ರೆಕಾರ್ಡ್ ಮಾಡಿದಾಗ ಅವಳಿಗೆ 14 ವರ್ಷ. ಲಾರಿನ್ ಹಿಲ್ 1999ರಲ್ಲಿ ವರ್ಷದ ಅತ್ಯುತ್ತಮ ಆಲ್ಬಂ ಅಂತ ಗ್ರ್ಯಾಮಿ ತಗೊಂಡಳು, ಹಿಪ್-ಹಾಪಿಗೆ (ರ‍್ಯಾಪ್ ಸೇರಿದ ಸಂಗೀತಕ್ಕೆ) ಆ ಪ್ರಶಸ್ತಿ ಬಂದದ್ದೇ ಅದು ಮೊದಲು, ಗಂಡಸರಿಗಿಂತ ಮೊದಲು. ನಮ್ಮ ಹುಡುಗರು ಅಲ್ಲಿಂದ ಕಲಿಯೋದು ಚೈನು, ಕಾರು, ಹುಡುಗಿಯರ ಸೊಂಟ ಮಾತ್ರ, ಬಾಡಿಗೆ ಕಾರು ತಂದು ಬೇಕಲ ಕೋಟೆಯ ಹತ್ರ ನಿಲ್ಲಿಸಿ ಸ್ಲೋ ಮೋಷನಲ್ಲಿ ಇಳಿಯೋದು. ಪೆಟ್ರೋಲ್ ಶೇರ್ ಹಾಕಿದವರು ಹಿಂದಿನ ಸೀಟಲ್ಲಿ ಕಾಣ್ತಾರೆ.

ರ‍್ಯಾಪರ್ಸ್ ಎಲ್ಲ ಡ್ರಗ್ಸ್ ತಗೊಳ್ತಾರಂತೆ?

ನಾನು ತಗೊಳ್ಳೋದಿಲ್ಲ, ತಗೊಂಡು ಸ್ಟೇಜ್ ಹತ್ತುವವರ ಜೊತೆ ಹಾಡೋದೂ ಇಲ್ಲ. ಎಂಡಿಎಂಎ ಅನ್ನುವ ಡ್ರಗ್ ನಮ್ಮ ಗಡಿಯಲ್ಲಿ ದೊಡ್ಡ ತಲೆನೋವು, ಅದರಲ್ಲಿ ಎರಡು ಮಾತಿಲ್ಲ, ಗೊತ್ತಿರುವ ಮನೆಗಳೇ ಹಾಳಾದದ್ದುಂಟು. ಆದ್ರೆ ಸಿಕ್ಕಿಬಿದ್ದವರ ಸುದ್ದಿ ಪೇಪರಲ್ಲಿ ಓದಿ ನೋಡಿ, ಎಲ್ಲ ಕೆಲಸದವರೂ ಇದ್ದಾರೆ, ಯಾವ ಕೆಲಸದವರಿಗೂ ಒಟ್ಟಾಗಿ ಬೈಯೋದಿಲ್ಲ ನೀವು. ಒಂದು ಹುಡುಗ ಟೋಪಿ ಹಿಂದೆ ಮುಂದೆ ಹಾಕಿದ್ರೆ ಮಾತ್ರ ಚೆಕ್‌ಪೋಸ್ಟಲ್ಲಿ ಬ್ಯಾಗ್ ಬಿಚ್ಚಿಸ್ತಾರೆ. ಕೊಕೇನ್ ವಿರುದ್ಧ ಅಮೆರಿಕದ ರ‍್ಯಾಪರ್ ಮೆಲ್ಲಿ ಮೆಲ್ 1983ರಲ್ಲೇ ಹಾಡಿದ್ದ, ಅದೂ ಹಿಪ್-ಹಾಪೇ.

ಎಂಡೋಸಲ್ಫಾನ್ ಬಗ್ಗೆ ಯಾಕೆ ಹಾಡು ಮಾಡಿಲ್ಲ? ನಿಮ್ಮ ಊರಿನದ್ದೇ ಅಲ್ವಾ?

ಬರೀತಾ ಇದ್ದೇನೆ, ಬಹಳ ನಿಧಾನ. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಆ ಕೀಟನಾಶಕದ ವಿಷ ಸುರಿದದ್ದು ಇಪ್ಪತ್ತು ವರ್ಷಕ್ಕಿಂತ ಹೆಚ್ಚು, 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲೇ ನಿಲ್ಲಿಸ್ತು. 2017ರಲ್ಲಿ ಪ್ರತಿ ಸಂತ್ರಸ್ತರಿಗೆ 5 ಲಕ್ಷ ಮೂರು ತಿಂಗಳ ಒಳಗೆ ಕೊಡಿ ಅಂತ ಹೇಳ್ತು, 2022ರಲ್ಲಿ ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿದ್ರೆ 3,704 ಜನರಲ್ಲಿ ಕೊಟ್ಟದ್ದು 8 ಮಂದಿಗೆ. ಕೋರ್ಟಿಗೆ ಹೋದ ಆ 8 ಮಂದಿಗೆ ಮಾತ್ರ.

ಎಣ್ಮಕಜೆಯಲ್ಲಿ ಆ ವಿಷ ಬಿದ್ದ ಒಂದು ಊರಿನ ಹೆಸರು ಸ್ವರ್ಗ, ಈ ಹೆಸರನ್ನು ಹಿಡ್ಕೊಂಡು ಲೈನ್ ಬರೀಬೇಡಿ ದಯವಿಟ್ಟು, ಎಲ್ಲರೂ ಬರೆದಾಗಿದೆ. ಬರುವವರೆಲ್ಲ ಕ್ಯಾಮೆರ ಹಿಡ್ಕೊಂಡು ಆ ವಿಷದಿಂದ ಕಾಯಿಲೆ ಬಿದ್ದ ಮಕ್ಕಳ ಮುಖದ ಹತ್ರ ಹೋಗ್ತಾರೆ, ಹಿನ್ನೆಲೆಗೆ ಕೊಳಲು ಹಾಕ್ತಾರೆ, ಡ್ರೋನ್ ಶಾಟ್ ತೆಗೀತಾರೆ, ಆ ಅಮ್ಮಂದಿರು ಅದೇ ಕಥೆ ಎಷ್ಟು ಜನರಿಗೆ ಹೇಳ್ಬೇಕು? ನಂಗೆ ಅಂಥ ವಿಡಿಯೋ ಬೇಡ. ನಂಗೆ ಇಷ್ಟ ಆದದ್ದು ರ‍್ಯಾಪರ್ ಸೋಫಿಯಾ ಅಶ್ರಫ್ ಮಾಡಿದ ಹಾಡು, ಕೊಡೈಕೆನಾಲಿನ ಥರ್ಮಾಮೀಟರ್ ಫ್ಯಾಕ್ಟರಿಯ ಪಾದರಸದ ಬಗ್ಗೆ 2015ರಲ್ಲಿ. ನೀವು ಅಶ್ಲೀಲ ಅಂತ ಹೇಳುವ ನಿಕಿ ಮಿನಾಜ್ ಹಾಡಿನ ಟ್ಯೂನನ್ನೇ ತಗೊಂಡು, ಅಳು ಇಲ್ಲ, ಕನಿಕರ ಇಲ್ಲ, ನೇರ ಕಂಪೆನಿಯ ಹೆಸರು ಹಿಡಿದು ದುಡ್ಡು ಕೊಡು ಅಂತ ಕೇಳಿದ್ದು. ಕಾರ್ಮಿಕರು ಅದಕ್ಕೆ ಮೊದಲೇ ಎಷ್ಟೋ ವರ್ಷದಿಂದ ಹೋರಾಡ್ತಾ ಇದ್ರು, ಹಾಡಿಂದಲೇ ಎಲ್ಲ ಆಯ್ತು ಅಂತ ಹೇಳ್ಲಿಕ್ಕಿಲ್ಲ, ಆದ್ರೆ 2016ರ ಮಾರ್ಚಲ್ಲಿ ಆ ಕಂಪೆನಿ, ಹಿಂದೂಸ್ತಾನ್ ಯೂನಿಲಿವರ್, 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಧೈರ್ಯದ ಒಂದು ಹಾಡು ಬರೆದಾದ ಮೇಲೆಯೇ ನನ್ನದು ಹೊರಗೆ ಬರೋದು, ಅರ್ಜೆಂಟ್ ಮಾಡ್ಬೇಡಿ.

ನಿಮ್ಮದು ಕವಿತೆಯಾ? ಬರೇ ಪ್ರಾಸ ಅಲ್ವಾ?

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟು ಬರೆದು ದೊಡ್ಡ ಕವಿ ಆದ್ರು, ಅವರ ಪಕ್ಕದ ಊರಿನ ನಾನು ನೂರು ವರ್ಷದ ಮೇಲೆ ಪ್ರಾಸಕ್ಕೆ ಅಂಟಿಕೊಂಡು ಕೂತಿದ್ದೇನೆ, ಹಿರಿಯರು ಕ್ಷಮಿಸ್ಬೇಕು. ಕವಿತೆ ಹೌದಾ ಅಲ್ವಾ ಅಂತ ನಂಗೆ ಮಂಡೆಬೆಚ್ಚ ಇಲ್ಲ. ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಾಮರಿಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಕೊಟ್ಟಾಗ ಅಲ್ಲಿನ ಪಂಡಿತರೂ ಇದನ್ನೇ ಕೇಳಿರ್ತಾರೆ.

ಮನೆಯವರು ಎಂತ ಹೇಳ್ತಾರೆ?

ಅಮ್ಮ ಹಾಡು ಕೇಳ್ತಾರೆ, ಕಮೆಂಟ್ ಓದೋದಿಲ್ಲ, ಓದ್ಬೇಡಿ ಅಂತ ನಾನೇ ಹೇಳಿದ್ದು. ಅಜ್ಜಿಗೆ ಸ್ಪೀಡ್ ಜಾಸ್ತಿ ಆಯ್ತಂತೆ.

ಕಾಲೇಜ್ ಡೇ, ಮೆಹಂದಿ, ಕ್ಲಬ್ ವಾರ್ಷಿಕೋತ್ಸವಕ್ಕೆ ಬರ್ತೀರಾ?

ಬರ್ತೇನೆ. ಲಿರಿಕ್ಸ್ ಮೊದಲೇ ತೋರಿಸಿ ಅಂತ ಕೇಳ್ಬೇಡಿ, ಗಂಡಸರ ಆರ್ಕೆಸ್ಟ್ರಾದವರ ಹತ್ರ ನೀವು ಅದನ್ನು ಕೇಳೋದಿಲ್ಲ. ಅರ್ಧ ದುಡ್ಡು ಅಡ್ವಾನ್ಸ್, ಒಂದು ಸ್ಪೇರ್ ಮೈಕ್, ಮಾನಿಟರ್ ಸ್ಪೀಕರ್ ಬೇಕೇ ಬೇಕು. ರಾತ್ರಿ ಪ್ರೋಗ್ರಾಂ ಆದ್ರೆ ವಾಪಸ್ ಹೋಗ್ಲಿಕ್ಕೆ ಗಾಡಿ ನಿಮ್ಮದೇ, ಒಂಬತ್ತು ಗಂಟೆ ಕಳೆದ್ರೆ ನಮ್ಮ ರೂಟಿಗೆ ಬಸ್ಸಿಲ್ಲ. "ಪಬ್ಲಿಸಿಟಿ ಸಿಗ್ತದೆ, ಫ್ರೀ ಮಾಡಿಕೊಡಿ" ಅನ್ನುವವರಿಗೆ ಬೇರೆ ಉತ್ತರ ಉಂಟು, ಅದು ತುಳುವಿನಲ್ಲಿ, ಇಲ್ಲಿ ಬರೆಯೋ ಹಾಗಿಲ್ಲ.